ಅತ್ತಿಕಟ್ಟೆಯ ಪರೀಕ್ಷೆ

ಹೊಳೆಯ ದಂಡೆಯಲ್ಲಿ ಬೊಪ್ಪಯ್ಯ ಗುರುಗಳ ಆಶ್ರಮವಿತ್ತು. ಅಲ್ಲಿಗೆ ಓದಲು ಸೇರುವುದು ಸುಲಭ. ಓದು ಮುಗಿಸಿ ಹೊರಗೆ ಬರುವುದೇ ಕಷ್ಟ.

ಆಶ್ರಮದ ಕೆಳಗೆ ಹರಿಗೋಲು ನಿಲ್ಲುವ ಜಾಗ. ಪಕ್ಕದಲ್ಲಿ ಒಂದು ಅತ್ತಿಮರ, ಅದಕ್ಕೊಂದು ಕಲ್ಲುಕಟ್ಟೆ. ಓದು ಮುಗಿಸಿದ ಶಿಷ್ಯ ಆ ಕಟ್ಟೆಯ ಮೇಲೆ ಹೋಗಿ ಕೂರಬೇಕು. ಹೊಳೆ ದಾಟಲು ಬಂದವರ ಜೊತೆ ಮಾತಾಡಬೇಕು. ಅವರಲ್ಲಿ ಒಬ್ಬರಾದರೂ ಅವನ ಮಾತು ಕೇಳುತ್ತ, ತಾವಾಗಿಯೇ, ಹತ್ತಬೇಕಾದ ಹರಿಗೋಲನ್ನು ಬಿಟ್ಟುಕೊಡಬೇಕು.

ಹಾಗಾದರೆ ಅವನು ಪಾಠ ಹೇಳಲು ತಕ್ಕವನು. ಇಲ್ಲದಿದ್ದರೆ ಇಲ್ಲ.

"ಎದುರಿಗೆ ಕೂತವನಿಗೆ ಯಾರು ಬೇಕಾದರೂ ಪಾಠ ಹೇಳಬಹುದು" ಎನ್ನುತ್ತಿದ್ದರು ಗುರುಗಳು. "ಹೊರಟು ನಿಂತವನಿಗೆ ಹೇಳಬೇಕು. ಆಗ ಗೊತ್ತಾಗುತ್ತದೆ."

ಗುರುಗಳು ಮಾತ್ರ ಜೀವಮಾನದಲ್ಲಿ ಒಂದು ಹರಿಗೋಲನ್ನೂ ತಪ್ಪಿಸಿಕೊಂಡವರಲ್ಲ. ಎಷ್ಟೋ ಶಿಷ್ಯರು ಆ ಕಟ್ಟೆಯ ಮೇಲೆ ಗೆದ್ದಿದ್ದರು. ಗುರುಗಳು ಅವರನ್ನು ನೋಡಿ ಮೆಚ್ಚಿ, ತಲೆಯಾಡಿಸಿ, ತಮ್ಮ ತಾಳೆಗರಿಯ ಕೊಡೆ ಹಿಡಿದುಕೊಂಡು ಹರಿಗೋಲು ಹತ್ತಿ ಹೋಗಿಬಿಡುತ್ತಿದ್ದರು.

ಆ ವರ್ಷ ಪರೀಕ್ಷೆಗೆ ಕೂತವನು ರೇವಣ.

ರೇವಣ ಜಾಣ. ತರ್ಕದಲ್ಲಿ ಅವನ ಎದುರು ನಿಲ್ಲುವವರಿರಲಿಲ್ಲ. ಅವನ ಊರಿನವರು ಮಕ್ಕಳ ಓದಿಗೆಂದು ಒಂದು ಚಾವಡಿ ಕಟ್ಟಿಸಿ, ಸುಣ್ಣ ಬಳಿದು, "ನಮ್ಮ ರೇವಣನೇ ಬಂದು ಬಾಗಿಲು ತೆಗೀಲಿ" ಎಂದು ಕಾಯುತ್ತಿದ್ದರು.

ಆದರೆ ಮಳೆಗಾಲ ಹತ್ತಿರ ಬಂದಿತ್ತು. ಹೊಳೆ ತುಂಬಿದರೆ ಹರಿಗೋಲು ನಿಲ್ಲುತ್ತದೆ. ಹರಿಗೋಲು ನಿಂತರೆ ಪರೀಕ್ಷೆಯೂ ಮುಗಿಯಿತು. ಅಷ್ಟರೊಳಗೆ ಗೆಲ್ಲದವನು ಬರಿಗೈಯಲ್ಲಿ ಊರಿಗೆ ಹೋಗಬೇಕು. ಎರಡನೇ ಅವಕಾಶ ಇರಲಿಲ್ಲ.

ಮೊದಲ ದಿನ ರೇವಣ ಮಡಿ ಉಟ್ಟು, ವಿಭೂತಿ ಇಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಕಟ್ಟೆಯ ಮೇಲೆ ಕೂತ. ಪ್ರಮಾಣಗಳು ಯಾವುವು, ಅನುಮಾನ ಎಂದರೇನು, ಹೊಗೆ ಕಂಡರೆ ಬೆಂಕಿ ಇದೆ ಎಂದು ಹೇಗೆ ಹೇಳಬಹುದು ಎಂದು ಗಟ್ಟಿಯಾಗಿ ಶುರುಮಾಡಿದ.

ಬುಟ್ಟಿ ಹೆಣೆದು ಸಂತೆಯಲ್ಲಿ ಮಾರುವ ತಿಪ್ಪವ್ವ ತಲೆಯ ಮೇಲೆ ಹೊರೆ ಹೊತ್ತು ಬಂದಳು. ಸ್ವಲ್ಪ ಹೊತ್ತು ನಿಂತು ಕೇಳಿದಳು.

"ಏನ್ರೀ ಸ್ವಾಮಿ, ಯಾರ ಮ್ಯಾಲ ಇಷ್ಟು ಸಿಟ್ಟಾಗೀರಿ?"

"ಸಿಟ್ಟಲ್ಲ ತಾಯಿ. ಇದು ಶಾಸ್ತ್ರ."

"ಹೌದಾ? ನಾ ಯಾರನ್ನೋ ಬೈಯಾಕ ಹತ್ತೀರಿ ಅಂದ್ಕೊಂಡೆ" ಎಂದು ಅವಳು ಹೋಗಿ ಹರಿಗೋಲು ಹತ್ತಿದಳು.

ಉಳಿದವರೂ ಹತ್ತಿದರು. ಒಬ್ಬ ಮುದುಕ ಮಾತ್ರ ಕೂತೇ ಇದ್ದ. ರೇವಣನಿಗೆ ಖುಷಿಯಾಯಿತು. ಹತ್ತಿರ ಹೋಗಿ ನೋಡಿದರೆ ಅವನಿಗೆ ನಿದ್ದೆ ಹತ್ತಿತ್ತು. ಅಂಬಿಗ ಹುಲುಗಪ್ಪ ಬಂದು ಎಬ್ಬಿಸಿ ಕರೆದುಕೊಂಡು ಹೋದ.

ಹೀಗೇ ಹಲವು ದಿನ ನಡೆಯಿತು. ಗಂಟಲು ಕಟ್ಟಿತೇ ಹೊರತು ಹರಿಗೋಲನ್ನು ಯಾರೂ ಬಿಡಲಿಲ್ಲ.

ರೇವಣ ಗುರುಗಳ ಹತ್ತಿರ ಹೋಗಿ ಗೊಣಗಿದ.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗಿದೆ ಗುರುಗಳೇ."

ಗುರುಗಳು ಹುಣಸೆಹಣ್ಣು ಸುಲಿಯುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

"ಕೋಣನ ವಿಷಯ ಆಮೇಲೆ ನೋಡೋಣ" ಎಂದರು. "ಬಾರಿಸುವವನಿಗೆ ಕಿನ್ನರಿ ಇಷ್ಟವಿತ್ತೇ?"

ರೇವಣನಿಗೆ ಉತ್ತರ ಹೊಳೆಯಲಿಲ್ಲ. ಜಾಣರಿಗೆ ಉತ್ತರ ಹೊಳೆಯದಿದ್ದರೆ ಉಪಾಯ ಹೊಳೆಯುತ್ತದೆ. ಇವನಿಗೂ ಹೊಳೆಯಿತು.

ಮರುದಿನ ಹೊಸ ರುಮಾಲು ಸುತ್ತಿದ ಗೌಡರೊಬ್ಬರು ಮಗಳ ಮದುವೆ ಮಾತಿಗೆಂದು ಹೊಳೆಯಾಚೆ ಹೊರಟಿದ್ದರು. ಕೈಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ. ರೇವಣ ಆಕಾಶ ನೋಡಿದ, ಬೆರಳು ಮಡಚಿ ಎಣಿಸಿದ, ಮುಖ ಗಂಟಿಕ್ಕಿದ.

"ಗೌಡರೇ, ಈಗ ಹೊಳೆ ದಾಟುವವರೇ? ರಾಹುಕಾಲ. ಕೆಲಸ ಕೈಗೂಡುವುದಿಲ್ಲ."

ಗೌಡರ ಮುಖ ಬಾಡಿತು. ಹರಿಗೋಲಿನೊಳಗೆ ಇಟ್ಟಿದ್ದ ಕಾಲನ್ನು ಹಿಂದೆ ತೆಗೆದರು. ಹರಿಗೋಲು ಹೋಯಿತು.

ರೇವಣ ಒಂದೇ ಉಸಿರಿಗೆ ಆಶ್ರಮಕ್ಕೆ ಓಡಿದ.

"ಗುರುಗಳೇ, ಗೆದ್ದೆ! ಒಬ್ಬರು ಹರಿಗೋಲು ಬಿಟ್ಟರು!"

ಗುರುಗಳು ಕೊಡೆ ಹಿಡಿದು ಅವನ ಜೊತೆ ಇಳಿದು ಬಂದರು. ಗೌಡರು ಮೆಟ್ಟಿಲ ಮೇಲೆ ಕೂತು ತೆಂಗಿನಕಾಯಿ ತಬ್ಬಿಕೊಂಡು ಹೊಳೆಯನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರಿತ್ತು. ಆಚೆಯವರು ಕಾದು ಬೇಸತ್ತು ಎದ್ದುಹೋದರೆ ಎಂಬ ಭಯ ಒಂದು ಕಡೆ, ರಾಹುವಿನ ಭಯ ಇನ್ನೊಂದು ಕಡೆ.

ಗುರುಗಳು ಚಪ್ಪಾಳೆ ತಟ್ಟಿ ಹುಲುಗಪ್ಪನನ್ನು ವಾಪಸ್ಸು ಕರೆಸಿದರು. ಗೌಡರ ಕೈ ಹಿಡಿದು ತಾವೇ ಹರಿಗೋಲು ಹತ್ತಿಸಿದರು. "ನನ್ನ ಶಿಷ್ಯನ ಲೆಕ್ಕ ತಪ್ಪಿದೆ. ಒಳ್ಳೆಯ ಹೊತ್ತು. ಹೋಗಿ ಬನ್ನಿ" ಎಂದರು.

ಹರಿಗೋಲು ದೂರ ಹೋದಮೇಲೆ ರೇವಣನ ಕಡೆ ತಿರುಗಿದರು.

"ಅವರು ಬಿಟ್ಟುಕೊಡಲಿಲ್ಲ. ನೀನು ಕಿತ್ತುಕೊಂಡೆ."

ರೇವಣನಿಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ, ಗೌಡರ ಕಣ್ಣೀರು ನೆನೆದು ನಾಚಿಕೆಯಾಯಿತು. ಎರಡು ದಿನ ಕಟ್ಟೆಯ ಕಡೆ ಹೋಗಲೇ ಇಲ್ಲ.

ಮೂರನೆಯ ಬೆಳಗ್ಗೆ ಗುರುಗಳು ಕರೆದು ಒಂದು ಮಣ್ಣಿನ ಕೊಡ ಕೊಟ್ಟರು.

"ಹೊಳೆಯಿಂದ ನೀರು ತಾ."

ನೀರು ತರುವುದು ರೇವಣನಿಗೆ ಹೊಸದಲ್ಲ. ಆಶ್ರಮ ಸೇರಿದಾಗಿನಿಂದ ಅದು ಅವನದೇ ಕೆಲಸ. ಅವನು ಯಾವತ್ತೂ ತಡವಾಗಿಯೇ ಬರುತ್ತಿದ್ದ. ಗುರುಗಳು ಯಾವತ್ತೂ ಯಾಕೆಂದು ಕೇಳಿರಲಿಲ್ಲ.

ಅಂದೂ ತಡವಾಯಿತು. ಬಂದು ಕೊಡ ಇಳಿಸಿದಾಗ ಒಳಗೆ ಒಂದು ತಂಬಿಗೆಯಷ್ಟೂ ನೀರಿರಲಿಲ್ಲ. ಕೊಡದ ಬುಡದಲ್ಲಿ ಸಣ್ಣ ತೂತು.

"ಸೋರುವ ಕೊಡ ಕೊಟ್ಟಿದ್ದೀರಿ ಗುರುಗಳೇ."

"ಗೊತ್ತು. ನೇರವಾಗಿ ಬಂದಿದ್ದರೆ ಮುಕ್ಕಾಲು ಕೊಡ ಉಳಿಯುತ್ತಿತ್ತು. ನೀನು ದಾರಿಯಲ್ಲಿ ನಿಂತೆ. ಬೆನ್ನೆಲ್ಲ ನೆನೆದದ್ದೂ ತಿಳಿಯದಷ್ಟು ಹೊತ್ತು ನಿಂತೆ. ನಿನ್ನ ಹರಿಗೋಲು ತಪ್ಪಿಸಿದವರು ಯಾರು?"

ರೇವಣ ತಲೆ ತಗ್ಗಿಸಿದ. ಕಳ್ಳ ಸಿಕ್ಕಿಬಿದ್ದಂತಾಗಿತ್ತು.

"ಒಂದು ಹಕ್ಕಿ, ಗುರುಗಳೇ. ಗೀಜಗ. ಅತ್ತಿಕಟ್ಟೆಯ ಹತ್ತಿರ ನೀರಿನ ಮೇಲೆ ಬಾಗಿದ ಜಾಲಿಮರದಲ್ಲಿ ಗೂಡು ಕಟ್ಟುತ್ತದೆ. ನಾನು... ಪ್ರತಿವರ್ಷವೂ ನೋಡುತ್ತೇನೆ."

"ಯಾಕೆ?"

"ಯಾಕೂ ಇಲ್ಲ. ಶಾಸ್ತ್ರದಲ್ಲಿ ಅದಿಲ್ಲ. ಪರೀಕ್ಷೆಗೂ ಬರುವುದಿಲ್ಲ. ತಪ್ಪಾಯಿತು."

"ನನಗೂ ಅದರ ಬಗ್ಗೆ ಏನೂ ತಿಳಿಯದು" ಎಂದರು ಗುರುಗಳು. "ಆದರೆ ಆ ಹಕ್ಕಿ ಒಳ್ಳೆಯ ಗುರು ಅನ್ನಿಸುತ್ತದೆ. ದಿನವೂ ಪರೀಕ್ಷೆ ಗೆಲ್ಲುತ್ತಿದೆ."

ಸೂಚನೆ ಕೊಟ್ಟರೆ ಸಾಲದು, ಅದು ಇಳಿಯಬೇಕಲ್ಲ. ರೇವಣ ರಾತ್ರಿಯೆಲ್ಲ ಕೂತು ಗೀಜಗನ ಮೇಲೂ ಒಂದು ಶಾಸ್ತ್ರ ಕಟ್ಟಿದ. ಲಕ್ಷಣ, ಭೇದ, ಉಪಭೇದ, ಪೂರ್ವಪಕ್ಷ, ಸಿದ್ಧಾಂತ. ಬೆಳಗ್ಗೆ ಕಟ್ಟೆಯ ಮೇಲೆ ಕೂತು, ಹಕ್ಕಿಯ ಕಡೆಗೆ ಬೆನ್ನು ಹಾಕಿ, ಅದನ್ನೆಲ್ಲ ಒಪ್ಪಿಸಿದ.

"ಇವತ್ತೂ ಸಿಟ್ಟು ಇಳಿದಿಲ್ಲ ಪಾಪ" ಎಂದು ತಿಪ್ಪವ್ವ ಹರಿಗೋಲು ಹತ್ತಿದಳು.

ರೇವಣ ಕೈಚೆಲ್ಲಿದ. ಗಾಳಿ ಗುದ್ದಿ ಮೈ ನೋಯಿಸಿಕೊಂಡದ್ದು ಸಾಕು ಅನ್ನಿಸಿತು.

ಮಲೆಯ ಕಡೆ ಮಳೆ ಹಿಡಿಯಿತು. ಒಂದು ಬೆಳಗ್ಗೆ ನೋಡಿದರೆ ಹೊಳೆ ಕೆಂಪಗಾಗಿತ್ತು. ಹುಲುಗಪ್ಪ ನೀರಿಗೆ ಕೋಲು ಇಳಿಸಿ ನೋಡಿ ತಲೆಯಾಡಿಸಿದ.

"ಇವತ್ತ ಒಂದ ಸಲ ಹೋಕ್ಕೀನ್ರೀ. ಆಮ್ಯಾಲ ಹೊಳಿ ಇಳಿಯೋ ತನಕ ನನ್ನ ಯಾರೂ ಕೇಳಬ್ಯಾಡ್ರಿ" ಎಂದು ಸಾರಿದ.

ಅಂದೇ ಆಚೆ ದಂಡೆಯ ಪಟ್ಟಣದಲ್ಲಿ ವಿದ್ವಾಂಸರ ದೊಡ್ಡ ಸಭೆ. ಬೊಪ್ಪಯ್ಯ ಗುರುಗಳಿಗೆ ಅಲ್ಲಿ ಸನ್ಮಾನ. ಅವರನ್ನು ಕರೆದೊಯ್ಯಲು ಪಲ್ಲಕ್ಕಿ ಆಗಲೇ ಬಂದು ಎದುರು ದಂಡೆಯಲ್ಲಿ ಕಾಯುತ್ತಿತ್ತು.

ರೇವಣ ಗಂಟುಮೂಟೆ ಕಟ್ಟಿಟ್ಟಿದ್ದ. ಊರಿನ ಚಾವಡಿಯ ಮುಚ್ಚಿದ ಬಾಗಿಲು ಮತ್ತೆ ಮತ್ತೆ ನೆನಪಾಗುತ್ತಿತ್ತು. ಕಟ್ಟೆಗೆ ಬಂದದ್ದು ಪರೀಕ್ಷೆಗಾಗಿ ಅಲ್ಲ. ಜಾಲಿಮರದಲ್ಲಿ ಒಂದು ಗಂಡು ಗೀಜಗ ಅರ್ಧ ಗೂಡು ಕಟ್ಟಿತ್ತು. ಹೋಗುವ ಮೊದಲು ಅದರ ಗತಿ ಏನಾಯಿತು ಎಂದು ನೋಡಬೇಕಿತ್ತು, ಅಷ್ಟೆ.

ಮಡಿ ಇಲ್ಲ, ವಿಭೂತಿ ಇಲ್ಲ. ಕಟ್ಟೆಯ ಮೇಲೆ ಬೋರಲು ಮಲಗಿ, ಗಲ್ಲಕ್ಕೆ ಕೈ ಕೊಟ್ಟು, ದಾರಿಗೆ ಕಾಲು ಮಾಡಿಕೊಂಡು ಮರವನ್ನೇ ನೋಡತೊಡಗಿದ.

ತಿಪ್ಪವ್ವ ಬಂದಳು. "ಏನ್ರೀ ಸ್ವಾಮಿ, ಇವತ್ತ ಬೈಯೋದಿಲ್ಲೇನು?"

"ಶ್!" ಎಂದ ರೇವಣ. "ಅಲ್ನೋಡವ್ವ. ಆ ಬಾಗಿದ ಟೊಂಗಿ. ಹಳದಿ ತಲಿಯಾಂವ ಕುಂತಾನಲ್ಲ, ಅವನೇ ಗಂಡು. ಗೂಡಿನೊಳಗ ಈಗ ಹೆಣ್ಣು ಹೋಗೇತಿ."

ಆಶ್ರಮ ಸೇರಿದ ಮೇಲೆ ಅವನ ಬಾಯಲ್ಲಿ ಊರಿನ ಮಾತು ಬಂದದ್ದು ಅದೇ ಮೊದಲು. ಅದು ಅವನಿಗೆ ಗೊತ್ತೂ ಆಗಲಿಲ್ಲ.

"ಒಳಗ ಏನ್ ಮಾಡಾಕ ಹತ್ತೇತಿ?"

"ಗೂಡು ಗಟ್ಟಿ ಐತೋ ಇಲ್ಲೋ ನೋಡಾಕ ಹತ್ತೇತಿ. ಒಂದೊಂದ ಎಳಿ ಜಗ್ಗಿ ನೋಡ್ತೈತಿ. ಮನಸಿಗೆ ಬಂದ್ರ ತಾನೂ ಒಂದು ಎಳಿ ತಂದು ಒಳಗ ಇಡ್ತೈತಿ. ಇಲ್ಲಂದ್ರ ಹಾರಿ ಹೋಕ್ಕೈತಿ."

"ಹೋದ್ರ?"

"ಇಂವ ಮತ್ತ ಮೊದಲಿಂದ ಕಟ್ಟಬೇಕು. ಅಲ್ಲಿ ಎರಡು ಅರ್ಧ ಗೂಡು ಜೋತಾಡ್ತಾವ ನೋಡು. ಅವೂ ಇವನ್ವೇ. ಯಾರಿಗೂ ಹಿಡಿಸಲಿಲ್ಲ."

"ಅಯ್ಯ, ಪಾಪ!" ತಿಪ್ಪವ್ವ ಹೊರೆ ಇಳಿಸಿದಳು. ಕಣ್ಣು ಸಣ್ಣ ಮಾಡಿ ನೋಡಿದಳು. "ಅಲ್ರೀ, ಮೊದಲನೇ ಎಳಿ ಹೆಂಗ ನಿಲ್ಲಿಸ್ತಾನ? ಗಾಳ್ಯಾಗ ತೂಗೋ ಟೊಂಗಿಗೆ? ನನಗ ನೆಲದ ಮ್ಯಾಲ ಕುಂತು ಬುಟ್ಟಿಗೆ ಬುಡ ಹಾಕೋದ ಸಾಕಾಗ್ತೈತಿ."

ರೇವಣ ಎದ್ದು ಕೂತ. ಇಷ್ಟು ವರ್ಷದಲ್ಲಿ ಅವನನ್ನು ಯಾರೂ ಅದನ್ನು ಕೇಳಿರಲಿಲ್ಲ.

"ಅದ ನೋಡವ್ವ! ನಾನೂ ಅದನ್ನ ನೋಡಾಕ ಎರಡು ಮಳಿಗಾಲ ಕಾದೆ!"

ಅವನು ಉದ್ದನೆಯ ಹುಲ್ಲಿನ ಗರಿಯೊಂದನ್ನು ಕಿತ್ತ. ಅಂಚನ್ನು ಹಲ್ಲಿನಿಂದ ಕಚ್ಚಿ, ಸರ್ರನೆ ಸೀಳಿ, ದಾರದಂಥ ಎಳೆ ತೆಗೆದ. ಎಡಗೈ ತೋರುಬೆರಳನ್ನೇ ಟೊಂಗೆ ಮಾಡಿದ. ಎಳೆಯ ಒಂದು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ.

"ಇದು ಅವನ ಕಾಲು" ಎಂದ.

ಇನ್ನೊಂದು ತುದಿಯನ್ನು ಬಾಯಲ್ಲಿ ಹಿಡಿದು, ಕತ್ತನ್ನು ಬೆರಳಿನ ಸುತ್ತ ತಿರುಗಿಸಿ, ಸುತ್ತಿನ ಒಳಗೆ ತೂರಿಸಿ, ಹಿಂದಕ್ಕೆ ಜಗ್ಗಿದ. ಗಂಟು ಬಿತ್ತು. ಶಾಸ್ತ್ರ ಬಲ್ಲ ರೇವಣ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಭುಜ ಬಡಿಯುತ್ತ, ಚೀ ಚೀ ಎಂದು ಕೂಗಿಯೂ ಬಿಟ್ಟ.

ಜನ ನಕ್ಕರು. ಅಷ್ಟು ಹೊತ್ತಿಗೆ ಜನ ಸೇರಿದ್ದರು.

ಆ ಗುಂಪಿನಲ್ಲಿ ಹೊಸ ರುಮಾಲಿನ ಗೌಡರೂ ಇದ್ದರು. ಮಗಳ ಮದುವೆ ಗೊತ್ತಾಗಿತ್ತು. ಸೀರೆ ಕೊಳ್ಳಲು ಪಟ್ಟಣಕ್ಕೆ ಹೊರಟಿದ್ದರು. ರೇವಣನನ್ನು ಕಂಡು ಮೊದಲು ದೂರವೇ ನಿಂತರು.

"ಏನ್ರೀ, ಇವತ್ತ ರಾಹುಕಾಲ ಎಷ್ಟೊತ್ತಿಗೆ?" ಎಂದು ಕುಟುಕಿದರು.

"ಅವತ್ತು ನಾ ಮಾಡಿದ್ದು ತಪ್ಪು ಗೌಡ್ರ. ಕ್ಷಮಾ ಮಾಡ್ರಿ" ಎಂದ ರೇವಣ. "ಇಲ್ಲಿ ಬರ್ರಿ, ನೀವೂ ನೋಡ್ರಿ. ಅಲ್ಲಿಂದ ಸರಿ ಕಾಣೂದಿಲ್ಲ."

ಗೌಡರಿಗೆ ಸಿಟ್ಟು ಮಾಡಲು ಜಾಗವೇ ಸಿಗಲಿಲ್ಲ. ಹತ್ತಿರ ಬಂದರು. ನೋಡಿದರು. ನೋಡಿದಮೇಲೆ ಸುಮ್ಮನಿರಲು ಆಗಲಿಲ್ಲ.

"ಅದು ಗೂಡಿನೊಳಗ ಹಸಿ ಮಣ್ಣು ಮೆತ್ತಿ, ಮಿಂಚುಹುಳ ಅಂಟಿಸಿ ದೀಪ ಮಾಡ್ಕೊಂತೈತಂತಲ್ಲ? ನಮ್ಮಜ್ಜ ಹೇಳ್ತಿದ್ದ."

"ಮಣ್ಣು ಮೆತ್ತೋದು ಖರೇರಿ. ನಾ ಕಣ್ಣಾರೆ ನೋಡೀನಿ. ದೀಪ ಮಾತ್ರ ಎಂದೂ ಕಂಡಿಲ್ಲ."

"ಹಂಗಾದ್ರ ಮಣ್ಣು ಯಾಕ?"

"ಗೊತ್ತಿಲ್ರೀ."

ಹಿಂದಿನ ರೇವಣನಾಗಿದ್ದರೆ ಆ ಮಾತು ಆಡುವ ಬದಲು ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಇಂದು ಅದನ್ನು ಹಬ್ಬದೂಟದ ಸುದ್ದಿ ಹೇಳಿದ ಹಾಗೆ ಹೇಳಿದ.

"ಗೊತ್ತಿಲ್ರೀ ಗೌಡ್ರ! ಎಷ್ಟು ನೋಡಿದ್ರೂ ಗೊತ್ತಾಗವಲ್ದು. ನಿಮಗೇನ್ ಅನ್ನಿಸ್ತೈತಿ?"

"ಗಾಳಿಗೆ ಹಾರಬಾರ್ದು ಅಂತ ಭಾರ ಇಟ್ಟಿರಬೇಕು" ಎಂದರು ಗೌಡರು.

"ಭಾರ ಬೇಕಂದ್ರ ತಳದಾಗ ಇಡ್ತಿದ್ದ. ಪಕ್ಕಕ್ಕ ಯಾಕ ಮೆತ್ತತಾನ?" ಎಂದಳು ತಿಪ್ಪವ್ವ.

"ಸೋರಬಾರ್ದು ಅಂತಿರಬೇಕು" ಎಂದ ಇನ್ನೊಬ್ಬ.

"ಕಡೀ ಸಲ ಕರಿಯಾಕ ಹತ್ತೀನ್ರೀ!" ಕೆಳಗಿನಿಂದ ಹುಲುಗಪ್ಪ ಕೂಗಿದ. ಕೆಲವರು ಹೋದರು. ಕೆಲವರು "ಬಂದ್ವಿ, ಬಂದ್ವಿ" ಎಂದರು, ಹೋಗಲಿಲ್ಲ.

ಹೆಣ್ಣು ಹಕ್ಕಿ ಗೂಡಿನಿಂದ ತಲೆ ಹೊರಗೆ ಹಾಕಿತು.

ಗಂಡು ತಲೆಕೆಳಗಾಗಿ ಜೋತುಬಿದ್ದು ರೆಕ್ಕೆ ಬಡಿದು ಕುಣಿಯಿತು. ಹೆಣ್ಣು ಒಂದು ಎಳೆ ಕಚ್ಚಿ ಜಗ್ಗಿತು. ಇನ್ನೊಂದು ಜಗ್ಗಿತು. ಆಮೇಲೆ ಫುರ್ರನೆ ಹಾರಿಹೋಯಿತು.

"ಅಯ್ಯೋ!" ಎಂದಿತು ಇಡೀ ದಂಡೆ. ಗೌಡರು ಹಣೆ ಹಣೆ ಬಡಿದುಕೊಂಡರು. "ಇಷ್ಟು ಚಂದ ಕಟ್ಯಾನಲ್ರೀ, ಇನ್ನೇನ್ ಬೇಕಂತ ಅದಕ್ಕ!"

"ತಡೀರಿ, ತಡೀರಿ" ಎಂದ ರೇವಣ. "ಇನ್ನೂ ಮುಗಿದಿಲ್ಲ. ಹೋಗಿದ್ದು ಗೂಡು ಹಿಡಿಸಲಾರದ್ದಕ್ಕೋ ಎಳಿ ತರಾಕೋ ಹೇಳಾಕ ಆಗೂದಿಲ್ಲ. ನೋಡೂಣು."

ಆಗ ತಿಪ್ಪವ್ವನ ಕಣ್ಣು ಹೊಳೆಯ ಕಡೆ ಹೊರಳಿತು. ಹರಿಗೋಲು ನಡುನೀರಿನಲ್ಲಿ ಗಿರಗಿರನೆ ತಿರುಗುತ್ತ ಹೋಗುತ್ತಿತ್ತು.

"ಅಯ್ಯ ನನ್ನ ಸಂತಿ!" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ನಕ್ಕುಬಿಟ್ಟಳು. "ಹೋಗಲಿ ಬಿಡ್ರಿ. ಬುಟ್ಟಿ ಏನು ಹಳಸೂ ಸಾಮಾನಲ್ಲ. ನೀವು ಮುಂದ ಹೇಳ್ರಿ."

"ಸೀರಿನೂ ಹಳಸೂದಿಲ್ಲ" ಎಂದರು ಗೌಡರು, ಮರದಿಂದ ಕಣ್ಣು ತೆಗೆಯದೆ.

ರೇವಣನಿಗೆ ಆಗಷ್ಟೇ ಪರೀಕ್ಷೆಯ ನೆನಪು ಬಂತು.

ಹರಿಗೋಲನ್ನು ನೋಡಿದ. ಸುತ್ತ ಕೂತವರನ್ನು ನೋಡಿದ. ಒಬ್ಬರಲ್ಲ, ಒಂದು ಗುಂಪೇ ಉಳಿದಿತ್ತು. ಊರಿನ ಚಾವಡಿಯ ಬಾಗಿಲು ಕಣ್ಣೆದುರಿಗೇ ತೆರೆದುಕೊಂಡಂತಾಯಿತು. ಅತ್ತನೋ ನಕ್ಕನೋ, ಅವನಿಗೇ ತಿಳಿಯಲಿಲ್ಲ.

ಗುರುಗಳಿಗೆ ಹೇಳಬೇಕು. ಆದರೆ ಗುರುಗಳು ಸಭೆಗೆ ಹೊರಟುಹೋಗಿರುತ್ತಾರೆ. ಅವರು ಹರಿಗೋಲು ತಪ್ಪಿಸಿಕೊಂಡದ್ದುಂಟೇ? ರೇವಣ ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ಹರಿಗೋಲಿನಲ್ಲಿ ತಾಳೆಗರಿಯ ಕೊಡೆ ಕಾಣಲಿಲ್ಲ. ಎದುರು ದಂಡೆಯಲ್ಲಿ ಪಲ್ಲಕ್ಕಿಯವರು ಎದ್ದುನಿಂತು ಎರಡೂ ಕೈ ಬೀಸುತ್ತಿದ್ದರು.

ರೇವಣ ಹಿಂದಕ್ಕೆ ತಿರುಗಿದ.

ಗುಂಪಿನ ಕಟ್ಟಕಡೆಗೆ, ತಿಪ್ಪವ್ವನ ಬುಟ್ಟಿಯೊಂದನ್ನು ಬೋರಲು ಹಾಕಿಕೊಂಡು, ಸಭೆಗೆಂದು ಹೊದ್ದ ಜರಿಶಾಲು ಧೂಳಿಗೆ ತಾಗುವಂತೆ, ಬೊಪ್ಪಯ್ಯ ಗುರುಗಳು ಕೂತಿದ್ದರು. ಕತ್ತು ಉದ್ದ ಮಾಡಿ ಜಾಲಿಮರವನ್ನೇ ನೋಡುತ್ತಿದ್ದರು.

"ಗುರುಗಳೇ!" ರೇವಣ ಕೂಗಿದ. "ಹರಿಗೋಲು ಹೋಯಿತು! ಕೊನೆಯದು!"

"ಹೂಂ" ಎಂದರು ಗುರುಗಳು.

"ಆಚೆ ಸಭೆ... ಸನ್ಮಾನ... ಪಲ್ಲಕ್ಕಿ ಕಾಯುತ್ತಿದೆ!"

ಅಷ್ಟರಲ್ಲಿ ಹೆಣ್ಣು ಗೀಜಗ ಮರಳಿ ಬಂತು. ಅದರ ಕೊಕ್ಕಿನಲ್ಲಿ ಒಂದು ಹಸಿರು ಎಳೆ. ಅದು ನೇರವಾಗಿ ಗೂಡಿನೊಳಗೆ ಹೋಯಿತು.

ದಂಡೆಯ ಮೇಲೆ ಚಪ್ಪಾಳೆ, ಕೇಕೆ. ಗೌಡರು ರುಮಾಲು ಬಿಚ್ಚಿ ಗಾಳಿಯಲ್ಲಿ ಬೀಸಿದರು. ತಿಪ್ಪವ್ವ ಲಟಲಟ ನೆಟಿಗೆ ಮುರಿದು ದೃಷ್ಟಿ ತೆಗೆದಳು.

ಗುರುಗಳು ಬುಟ್ಟಿಯನ್ನು ಎತ್ತಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದರು. ಕಟ್ಟೆಯ ಬುಡದಲ್ಲಿ, ಶಿಷ್ಯನ ಕಾಲಬಳಿ, ಅದನ್ನು ಮತ್ತೆ ಬೋರಲು ಹಾಕಿ ಕೂತರು. ನೆಲದಿಂದ ಒಂದು ಹುಲ್ಲಿನ ಗರಿ ಕಿತ್ತು, ಎಡಗೈ ತೋರುಬೆರಳನ್ನು ಟೊಂಗೆಯ ಹಾಗೆ ಮುಂದೆ ಚಾಚಿದರು.

"ಆ ಮೊದಲ ಗಂಟು ನನಗೆ ಹಿಂದಿನಿಂದ ಸರಿಯಾಗಿ ಕಾಣಲಿಲ್ಲ, ರೇವಣ. ಇನ್ನೊಮ್ಮೆ ತೋರಿಸು."